ಸಲಾಂ ಭಾಯ್ ಬಿಟ್ಟುಕೊಟ್ಟ ಗೋಲುಗಳು

ನಮ್ಮ ಕೋಸ್ಟಲ್ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆದರೆ ಒಂದು ಪುಟವೂ ತುಂಬಲಿಕ್ಕಿಲ್ಲ. ದೋಹಾದಲ್ಲಿ ಇಷ್ಟು ವರ್ಷ ಆಡಿಯೂ ಒಂದು ಕಪ್ ಗೆದ್ದಿಲ್ಲ. ಅಲ್ ಮನ್ಸೂರಾದ ಹೋಟೆಲೊಂದರಲ್ಲಿ ಪರೋಟ ತಿನ್ನುತ್ತಾ ಹುಟ್ಟಿಸಿದ ಕ್ಲಬ್ಬು, ಹೊಟ್ಟೆ ಬಂದವರೇ ಜಾಸ್ತಿ. ಮೊದಲ ಮೈದಾನದ ಮೇಲೆ ಫ್ಲಾಟುಗಳು ಎದ್ದವು. ಎರಡನೆಯದು ರಸ್ತೆಗೆ ಹೋಯಿತು. ಈಗ ಬಿನ್ ಒಮ್ರಾನ್‌ನಲ್ಲೊಂದು ಖಾಲಿ ಜಾಗ. ಆಟ ಶುಕ್ರವಾರ ಬೆಳಿಗ್ಗೆ ಮಾತ್ರ, ಏಕೆಂದರೆ ಆಮೇಲೆ ಬ್ಯಾರಿಗಳಿಗೆ ಜುಮಾ ನಮಾಜು ಉಂಟು, ನಮ್ಮಂಥ ಕ್ರಿಸ್ತರಿಗೆ ಅಬು ಹಮೂರ್‌ನ ಇಗರ್ಜಿ. ನಾನು ಮಾರಿಸ್, ಇದರ ಸೆಕ್ರೆಟರಿ. ಬೇರೆ ಯಾರೂ ಒಪ್ಪಲಿಲ್ಲ, ಅದಕ್ಕೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟವನಿಗೆ ಕೊನೆಯ ಶುಕ್ರವಾರ ಒಂದು ಪೆನಾಲ್ಟಿ. ಗೋಲಿನಲ್ಲಿ ನಮ್ಮ ಕೀಪರ್ ಸಲಾಂ ಭಾಯ್ ನಿಲ್ಲುತ್ತಾರೆ, ಚೆಂಡು ಎಡಕ್ಕೆ ಬಂದರೆ ಬಲಕ್ಕೆ ಹಾರುತ್ತಾರೆ. ಎಂಥ ಸೋಂಬೇರಿ ಹೊಡೆತವೂ ಗೋಲಾಗಲೇಬೇಕು. ಹೋಗುವವನು ಗೆದ್ದು ಹೋಗಲಿ ಎಂದು.

ಒಬ್ಬ ಮಾತ್ರ ಹೊಡೆಯದೆ ಹೋದ. ಆನ್ಸೆಲ್ಮ್, ನಮ್ಮ ರೈಟ್ ಬ್ಯಾಕ್. ರೂಮಿನಲ್ಲೇ ಎದೆನೋವು ಬಂದು ತೀರಿಕೊಂಡ, ಪೆಟ್ಟಿಗೆಯಲ್ಲಿ ಊರಿಗೆ ಹೋದ. ಆ ಶುಕ್ರವಾರ ಚೆಂಡಿಟ್ಟೆವು, ಹೊಡೆಯುವವನಿಲ್ಲ. ಕಡೆಗೆ ಸಲಾಂ ಭಾಯ್ ಗೋಲಿನಿಂದ ಹೊರಬಂದು, ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಲೆಯೊಳಗೆ ಇಟ್ಟರು.

ಈ ಸಲ ಹೊರಟವರು ಸ್ವತಃ ಸಲಾಂ ಭಾಯ್. ಕಂಪನಿ ಮುಚ್ಚಿತ್ತು, ವಯಸ್ಸೂ ಆಗಿತ್ತು. ಅವರು ಹೋದರೆ ಕೀಪರ್ ಇಲ್ಲ. ಗೋಲಿನಲ್ಲಿ ನಿಲ್ಲು ಎಂದರೆ ಒಬ್ಬನಿಗೆ ಸೊಂಟನೋವು, ಇನ್ನೊಬ್ಬನಿಗೆ ಡ್ಯೂಟಿ. ಕ್ಲಬ್ಬನ್ನು ಸುಮ್ಮನೆ ಎಳೆದಾಡುವ ಬದಲು ಅವತ್ತೇ ಎಲ್ಲರ ಮುಂದೆ ಮುಚ್ಚಿದೆವು ಎಂದು ಹೇಳಿಬಿಡಲು ನಾನು ನಿಶ್ಚಯಿಸಿದ್ದೆ. ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ.

ಆಟ ಮುಗಿಯಿತು, ಎಂದಿನಂತೆ ಸೋತೆವು. ನಮ್ಮ ಫಾರ್ವರ್ಡ್ ನಿಯಾಝ್ ಚೆಂಡು ತಂದು ಇಟ್ಟ. ಗೋಲಿನಲ್ಲಿ ಯಾರೂ ಇರಲಿಲ್ಲ.

"ಹೊಡೀರಿ ಭಾಯ್, ಖಾಲಿ ಗೋಲಿಗೇ ಹೊಡೀರಿ," ಎಂದ.

"ಖಾಲಿ ಗೋಲು ಆನ್ಸೆಲ್ಮನಿಗೆ," ಎಂದರು ಸಲಾಂ ಭಾಯ್. "ನಾನು ಬದುಕಿದ್ದೇನಲ್ಲ."

ಗ್ಲೌಸ್ ಬಿಚ್ಚಿ ನೇರ ನನ್ನ ಹತ್ತಿರ ಬಂದರು. "ನೀನು ನಿಲ್ಲು ಮಾರಾಯ."

"ನನ್ನ ಮೊಣಕಾಲಿನ ಅವಸ್ಥೆ ನೋಡಿದ್ದೀರಲ್ಲ?"

"ಮೊಣಕಾಲು ಯಾರಿಗೆ ಬೇಕು, ಕೈ ಉಂಟಲ್ಲ." ಆಮೇಲೆ ದನಿ ತಗ್ಗಿಸಿದರು. "ನಿನ್ನ ಮನಸ್ಸಲ್ಲಿ ಎಂತ ಉಂಟೂಂತ ನನಗೆ ಗೊತ್ತುಂಟು ಮಾರಿಸ್. ನಾನು ಗೋಲು ಬಿಟ್ಟುಕೊಟ್ಟ ಹಾಗೆ ನೀನು ಬಿಡಬೇಡ. ನೀನು ಬಿಟ್ಟರೆ ಇವತ್ತಿಗೆ ಕ್ಲಬ್ಬು ಖಲಾಸ್. ಹಿಡಿದರೆ ನಾನು ನೆಮ್ಮದಿಯಲ್ಲಿ ವಿಮಾನ ಹತ್ತುತ್ತೇನೆ."

ನನಗೆ ಸಿಟ್ಟು ಬಂತು. ಹೋಗುವವರು ಹೋಗುತ್ತಾರೆ, ಹೊರೆಯನ್ನು ಇರುವವನ ತಲೆಗೆ ಕಟ್ಟಿ. ಗ್ಲೌಸ್ ಇನ್ನೂ ಬೆಚ್ಚಗಿತ್ತು. ಹಾಕಿಕೊಂಡು ನಿಂತೆ. ಅಲ್ಲಿಂದ ನೋಡಿದರೆ ಗೋಲು ಎಷ್ಟು ಅಗಲ! ಇಷ್ಟು ವರ್ಷ ಈ ಮನುಷ್ಯ ಒಬ್ಬನೇ ಇಲ್ಲಿ ನಿಂತಿದ್ದನಲ್ಲ ಎನಿಸಿತು.

ಸಲಾಂ ಭಾಯ್ ಕೂಡ ಮೋಸ ಮಾಡಲಿಲ್ಲ. ಓಡಿ ಬಂದು ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದರು. ನಾನು ಕಣ್ಣು ಮುಚ್ಚಿ ಬಲಕ್ಕೆ ಬಿದ್ದೆ. ಬೆರಳಿಗೆ ಬೆಂಕಿ ತಗುಲಿದಂತಾಯಿತು. ಬಾಯಿ ತುಂಬ ಮರಳು. ಕಣ್ಣು ಬಿಟ್ಟರೆ ಚೆಂಡು ಕಂಬದ ಹೊರಗೆ ಉರುಳುತ್ತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಯ ಪೆನಾಲ್ಟಿ ಗೋಲಾಗದೆ ಹೋದದ್ದು ಅದೇ ಮೊದಲು. ಸಲಾಂ ಭಾಯ್ ಮುಖ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಎಬ್ಬಿಸಿದರು. ಗ್ಲೌಸ್ ಬಿಚ್ಚಲು ಹೊರಟರೆ ನನ್ನ ಕೈ ಹಿಡಿದು ತಡೆದರು.

ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕ್ಲಬ್ಬು ಮುಚ್ಚಿದೆವು ಎನ್ನುವ ಬದಲು ಗ್ಲೌಸಿನ ಪಟ್ಟಿ ಬಿಗಿ ಮಾಡಿಕೊಂಡೆ.

"ಮುಂದಿನ ಶುಕ್ರವಾರ ಐದೂವರೆಗೆ," ಎಂದೆ. "ಲೇಟ್ ಮಾಡಬೇಡಿ."

ಎಲ್ಲರೂ ತಲೆಯಾಡಿಸಿದರು. ರೂಢಿಯಂತೆ ಸಲಾಂ ಭಾಯ್ ಕೂಡ.