ಅಮ್ಮ ಕೂರುವ ಪೆಟ್ಟಿಗೆ

ನನ್ನ ಅಣ್ಣ ತಿರುಮಲೇಶ್ವರ ಬಡಗಿಯಲ್ಲ. ಗೋಡೆಗೊಂದು ಮೊಳೆ ಹೊಡೆದರೂ ಬೆರಳು ಜಜ್ಜಿಕೊಳ್ಳುವ ಪೈಕಿ. ಅವನು ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆ ಮಾಡುತ್ತೇನೆಂದು ಕೂತಾಗ ನಾನು ನಕ್ಕೆ. ಐವತ್ತೆಂಟನೇ ಇಸವಿಯ ಆಟಿ, ಶುಭಕ್ಕಾಗದ ಮಳೆಗಾಲದ ತಿಂಗಳು. ಮದುವೆಯಾದ ಮೊದಲ ವರ್ಷ ಹುಡುಗಿ ಆಟಿಯಲ್ಲಿ ಗಂಡನ ಮನೆಯಲ್ಲಿ ಇರಬಾರದೆಂಬ ಕ್ರಮ ನಮ್ಮದು. ಹಾಗೆ ನಾನು ತವರಿಗೆ ಬಂದಿದ್ದೆ.

ಪೆಟ್ಟಿಗೆ ಸಾಮಾನು ಹೇರಲಿಕ್ಕಲ್ಲ, ಅಮ್ಮನನ್ನು ಕೂರಿಸಲಿಕ್ಕೆ. ಗುತ್ತಿಗಾರಿನಲ್ಲಿ ಅಮ್ಮನ ಒಬ್ಬಳೇ ತಂಗಿ ಶಂಕರಿ ಚಿಕ್ಕಮ್ಮ ಹಾಸಿಗೆ ಹಿಡಿದಿದ್ದಳು. ಅಕ್ಕನನ್ನೊಮ್ಮೆ ಕಾಣಬೇಕೆಂದು ಹೇಳಿಕಳಿಸಿದ್ದಳು. ಒಂಬತ್ತು ಮೈಲು ದಾರಿ, ಬಸ್ಸಿಲ್ಲ. ಅಮ್ಮನಿಗೋ ಮೊಣಕಾಲು ಬಾತು ಅಂಗಳ ದಾಟಲೂ ಆಗದು. ಕುರ್ಚಿಯಲ್ಲಿ ಹೊರಿಸಿ ಕಳಿಸುತ್ತೇವೆಂದರೆ "ನಾನೆಂತ ಹೆಣವಾ?" ಎಂದು ರೇಗಿದಳು.

ಅಣ್ಣ ಸುಳ್ಯದಿಂದ ಖಾಲಿ ಚಹಾಪೆಟ್ಟಿಗೆ ತಂದ. ಅಡಿಗೆ ಹಲಸಿನ ಹಲಗೆ ಹಾಕಿ, ಕಾಲು ಇಳಿಬಿಡಲು ಒಂದು ಬದಿ ಕೊಯ್ದು, ಹಳೆಯ ಟ್ಯೂಬಿನಿಂದ ಕ್ಯಾರಿಯರಿಗೆ ಬಿಗಿದ. ಪರೀಕ್ಷೆಗೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಕೂರಿಸಿ ಅಂಗಳ ಸುತ್ತಿದರೆ ಮುಡಿ ಹೋಗಿ ಬಸಳೆ ಚಪ್ಪರದ ಮೇಲೆ ಬಿತ್ತು.

"ಅದು ನಾನಾಗಿದ್ರೆ?" ಎಂದು ಅಮ್ಮ ಜಗಲಿಯಿಂದಲೇ ನಕ್ಕಳು.

ಅವನು ಬಿಡಲಿಲ್ಲ. ಪೆಟ್ಟಿಗೆಯಿಂದ ಚಕ್ರದ ಅಚ್ಚಿನವರೆಗೆ ಎರಡು ಕಬ್ಬಿಣದ ಪಟ್ಟಿ ಇಳಿಸಿ ಬೋಲ್ಟು ಹಾಕಿದ. ಈ ಸಲ ಮುಡಿ ಅಲುಗಲಿಲ್ಲ. ಆಟಿ ಅರ್ಧ ಕಳೆದಿತ್ತು, ಮಳೆಯೂ ನಿಂತು ಒಳ್ಳೆಯ ಬಿಸಿಲು.

"ನಾಳೆ ಬೆಳಿಗ್ಗೆ ಹೊರಡುವ ಅಮ್ಮ. ಏರಿನಲ್ಲಿ ತಳ್ಳಿಕೊಂಡು ಹೋಗ್ತೇನೆ."

ಆಗ ನಾನು ಬಾಯಿ ಹಾಕಿದೆ. "ಆಟಿಯಲ್ಲಿ ಹೊಸ ವಸ್ತು ಹೊರಡಿಸುದುಂಟಾ ಅಣ್ಣ? ಅದೂ ಕಾಯಿಲೆಯವರನ್ನು ನೋಡ್ಲಿಕ್ಕೆ? ಆಟಿ ಮುಗಿದು ಸೋಣ ಸಂಕ್ರಮಣ ಆಗ್ಲಿ."

ನಿಜ ಹೇಳಿಬಿಡುತ್ತೇನೆ. ಆಟಿಯ ಹೆದರಿಕೆ ನನಗಿದ್ದದ್ದು ಕಾಲುಪಾಲು. ಅಮ್ಮ ಹೋದರೆ ಅಲ್ಲೇ ಉಳಿಯುತ್ತಾಳೆ, ಮತ್ತೆ ನನಗೆ ಅಮ್ಮ ಸಿಗುವುದು ಯಾವಾಗಲೋ ಎಂಬ ಹೊಟ್ಟೆಕಿಚ್ಚೇ ಉಳಿದದ್ದು. ಅಮ್ಮ ನನ್ನ ಮುಖವನ್ನು ತುಸುಹೊತ್ತು ನೋಡಿದಳು.

"ಮಗಳು ಹೇಳುದೂ ಸರಿಯೇ," ಅಂದಳು.

ಸೋಣಕ್ಕೆ ಬರುತ್ತೇವೆಂದು ಚಿಕ್ಕಮ್ಮನಿಗೆ ಹೇಳಿಕಳಿಸಿದೆವು. ಹದಿನೈದು ದಿವಸ ಅಮ್ಮ ಕೂತಲ್ಲೇ ಪತ್ರೊಡೆ ಮಾಡಿದಳು, ನನ್ನ ತಲೆ ಬಾಚಿದಳು. ನಾನು ಸುಖವಾಗಿದ್ದೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಸಂಕ್ರಮಣದ ಮರುದಿನ ಬೆಳಿಗ್ಗೆ ಅಣ್ಣ ಅಮ್ಮನನ್ನು ಎತ್ತಿ ಪೆಟ್ಟಿಗೆಯಲ್ಲಿ ಕೂರಿಸಿದ. ಮಡಿಲಲ್ಲಿ ತಂಗಿಗೆಂದು ಸಿಹಿ ತೊಡೆದೇವಿನ ಕಟ್ಟು. ಸೈಕಲ್ಲು ಅಂಗಳ ದಾಟುವಷ್ಟರಲ್ಲಿ ಚಿಕ್ಕಮ್ಮನ ಮನೆಯ ಆಳು ಜತ್ತಪ್ಪ ಎದುರಿಗೆ ಬಂದು ನಿಂತ. ಅವನ ಮುಖ ನೋಡಿಯೇ ಅಮ್ಮನಿಗೆ ಗೊತ್ತಾಯಿತು.

"ಯಾವಾಗ?"

"ನಿನ್ನೆ ಬೆಳಿಗ್ಗೆ ಅಮ್ಮಾ. ದಹನ ಎಲ್ಲ ಮುಗಿಸಿಯೇ ನಾನು ಹೊರಟದ್ದು. ನೀವು ಬರುದು ಕಾಣ್ಬೇಕೂಂತ ಹದಿನೈದು ದಿವಸದಿಂದ ಜಗಲಿಯಲ್ಲೇ ಮಲಗ್ತಿದ್ರು. ಒಳಗೆ ಬನ್ನಿ ಅಂದ್ರೆ ಕೇಳುದಿಲ್ಲ."

ಅಣ್ಣ ಇಳಿಸಲು ಕೈ ಚಾಚಿದ. ಅಮ್ಮ ಪೆಟ್ಟಿಗೆಯ ಅಂಚು ಬಿಡಲಿಲ್ಲ.

"ಇಳಿಸ್ಬೇಡ. ಅವಳು ಮಲಗಿದ್ದ ಜಗಲಿಯನ್ನಾದ್ರೂ ನೋಡಿ ಬರ್ತೇನೆ."

ನಾನು ಓಡಿಹೋಗಿ ಅವಳ ಕಾಲು ಹಿಡಿದೆ. ಬೈಯಲಿ, ಒದೆಯಲಿ ಎಂದು ಕಾದೆ. ಸಂಜೆಗೆ ನಾನು ಗಂಡನ ಮನೆಗೆ ಹೊರಡುವವಳು. ಅಮ್ಮ ನನ್ನ ತಲೆಯ ಮೇಲೆ ಕೈಯಿಟ್ಟಳು.

"ವಸುಮತಿ, ನನಗೆ ಹೀಗಾದಾಗ ನೀನು ತಿಂಗಳು ನೋಡ್ಬೇಡ. ಹೇಳಿಕಳಿಸಿದ ಕೂಡ್ಲೇ ಬಂದುಬಿಡು ಮಗಾ."

ಅಣ್ಣ ನನ್ನ ಕೈ ಬಿಡಿಸಿ ಸೈಕಲ್ ತಳ್ಳಿದ.