ದಾದಿಯ ಕೈತುತ್ತು, ಕೂಸಿನ ಬಾಯುರಿ

ಕೂಸಿಗೆ ಆರು ತಿಂಗಳು ತುಂಬಿದ ಮನೆಯಲ್ಲಿ ಮಾತೆಲ್ಲ ಒಂದೇ. ಎದೆಹಾಲಿನ ಜೊತೆಗೆ ಇನ್ನೇನು ಉಣಿಸೋಣ? ಒಬ್ಬರು ಗಂಜಿ ಅನ್ನುತ್ತಾರೆ, ಒಬ್ಬರು ಬಿಸ್ಕೀಟು ಅನ್ನುತ್ತಾರೆ, ಟಿ.ವಿ.ಯವರು ಡಬ್ಬಿ ಅನ್ನುತ್ತಾರೆ. ಬ್ಯಾಡಗಿಯ ತಾಜಬಿಯ ಮನೆಯಲ್ಲಿ ಮಾತ್ರ ಈ ಚರ್ಚೆಗೆ ಜಾಗವಿರಲಿಲ್ಲ. ಮೊಮ್ಮಗನಿಗೆ ಮೊದಲ ತುತ್ತು ದಾದಿಯದೇ, ಅಂದರೆ ಅಪ್ಪನ ತಾಯಿಯದೇ. ನಾಲ್ಕು ಮಕ್ಕಳನ್ನು ಬೆರಳ ತುದಿಯಿಂದ ಉಣಿಸಿ ದೊಡ್ಡವರನ್ನು ಮಾಡಿದವಳು ಅವಳು.

ಕಡೆಯ ಮಗು ತಾನೇ ಉಣ್ಣುವಂತಾದ ಮೇಲೆ, ತಾಜಬಿಗೆ ಮೂವತ್ತು ವರ್ಷದಿಂದ ಮೆಣಸಿನಕಾಯಿಯ ಕೆಲಸ. ಒಣಗಿದ ಕಾಯಿಯ ತೊಟ್ಟು ಮುರಿಯುವುದು. ಇಲ್ಲಿಯವರು ಅದಕ್ಕೆ ತುಂಬು ಬಿಡಿಸುವುದು ಅನ್ನುತ್ತಾರೆ. ಮೊದಲ ತುತ್ತಿನ ದಿನ ಮಧ್ಯಾಹ್ನ ಕೆಲಸದಿಂದ ಮನೆಗೆ ಬಂದವಳೇ ಕೈಗೆ ನೀರು ಹಾಕಿಕೊಂಡು, ಸೊಸೆ ಬೇನಜೀರ ಮೆತ್ತಗೆ ಮಾಡಿಟ್ಟ ಅನ್ನ-ಬೇಳೆಯನ್ನು ಮೊಮ್ಮಗ ಕೈಸರನ ಬಾಯಿಗಿಟ್ಟಳು. ಕೂಸು ಕಿಟಾರನೆ ಕಿರುಚಿತು. ಮರುದಿನ ಕುಂಬಳಕಾಯಿ ಬೇಯಿಸಿದರು. ಅದೇ ಗೋಳು. ನಾಲ್ಕನೆಯ ದಿನ ದಾದಿಯ ಕೈ ಕಂಡರೇ ಸಾಕು, ಕೂಸು ಮೋರೆ ತಿರುವತೊಡಗಿತು.

“ಮನಿ ಊಟ ಇವಗ ಒಗ್ಗಂಗಿಲ್ಲ,” ಎಂದು ತಾಜಬಿ ತೀರ್ಪು ಕೊಟ್ಟಳು.

ಮಗ ಅಸ್ಲಮ್ ಅಂಗಡಿಯಿಂದ ಡಬ್ಬಿಯ ಹಿಟ್ಟು ತಂದ. ಬೇನಜೀರ ಕದಡಿ ಬಾಟಲಿಯಲ್ಲಿ ಕೊಟ್ಟಳು. ಕೂಸು ಗಟಗಟ ಕುಡಿಯಿತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆದರೆ ಒಂದು ಡಬ್ಬಿ ಅಂದರೆ ತಾಜಬಿಯ ಸುಮಾರು ಎರಡು ದಿನದ ಕೂಲಿ, ಅದು ವಾರವೂ ಬರುತ್ತಿರಲಿಲ್ಲ. ಹೆಚ್ಚು ದಿನ ಬರಲೆಂದು ಐದು ಚಮಚ ಹಾಕುವಲ್ಲಿ ಎರಡೇ ಹಾಕಿ, ನೀರು ಜಾಸ್ತಿ ಮಾಡಿದರು. ಕೂಸಿನ ಹೊಟ್ಟೆ ತುಂಬುತ್ತಿತ್ತು, ಮೈ ತುಂಬುತ್ತಿರಲಿಲ್ಲ.

ಎಂಟನೆಯ ತಿಂಗಳಿಗೆ ಅಂಗನವಾಡಿಯಲ್ಲಿ ತೂಕ ಮಾಡಿಸಿದಾಗ ಆರು ಕೆಜಿ ಎಂಟುನೂರು ಗ್ರಾಂ ಬಂತು. ಎರಡು ತಿಂಗಳ ಹಿಂದೆಯೂ ಅಷ್ಟೇ ಇತ್ತು. ಅಂಗನವಾಡಿ ಕಾರ್ಯಕರ್ತೆ ಸುಧಾರಾಣಿ ತಾಯಿ ಕಾರ್ಡಿನಲ್ಲಿ ಚುಕ್ಕಿ ಇಟ್ಟು, ಹಿಂದಿನ ಚುಕ್ಕಿಗೆ ಗೆರೆ ಎಳೆದಳು; ಗೆರೆ ಮೇಲೇರಿರಲಿಲ್ಲ.

“ಬೇನಜೀರ, ಮುಂದಿನ ತಿಂಗಳೂ ಹಿಂಗ ಆದ್ರ ಕೂಸಿನ್ನ ಹಾವೇರಿ ದೊಡ್ಡ ದವಾಖಾನಿಗೆ ಕಳಸ್ಬೇಕಾಗ್ತದವ್ವಾ. ಅಲ್ಲಿ ಎರಡ ವಾರ ಇಟ್ಕೋತಾರ.”

ಬೇನಜೀರ ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದಳು. ಸುದ್ದಿ ಕೇಳಿ ತಾಜಬಿ ಬಾಯಲ್ಲಿದ್ದ ಅಡಿಕೆ ಅಗಿಯುವುದನ್ನೇ ಮರೆತಳು. ಮರುದಿನ ಊಟದ ಹೊತ್ತಿಗೆ ಸುಧಾರಾಣಿ ಮನೆ ಬಾಗಿಲಿಗೇ ಬಂದಳು.

“ಬರ್ರಿ ಅಕ್ಕೋರ, ಕುಂದ್ರಿ. ಏನ ಹೇಳಾಕ ಬಂದೀರಿ ನನಗ ಗೊತ್ತೈತಿ,” ತಾಜಬಿ ಬಿಗಿಯಾಗಿಯೇ ಮಾತು ತೆಗೆದಳು. “ಡಬ್ಬಿ ಬಿಡ್ರಿ, ಮನಿ ಊಟ ಕೊಡ್ರಿ ಅಂತೀರಿ. ಕೊಟ್ಟ ನೋಡೇವಿ. ನಾ ನಾಲ್ಕ ಹಡದೇನಿ. ನಿಮಗೆಷ್ಟ್ ಮಕ್ಕಳು?”

“ಒಂದ ಅಮ್ಮಾ. ಆ ಒಂದ ನಾಲ್ಕರಷ್ಟು ಕಾಡತದ,” ಸುಧಾರಾಣಿ ನಕ್ಕಳು. “ನಾ ಹೇಳಾಕ ಬಂದಿಲ್ಲ, ನೋಡಾಕ ಬಂದೇನಿ. ದಿನಾ ಹೆಂಗ ಉಣಸ್ತಿದ್ರಿ, ಹಂಗ ಉಣಸಿ ತೋರಸ್ರಿ.”

ಬೇನಜೀರ ಒಂದು ಹಿಡಿ ಅಕ್ಕಿ, ಅರ್ಧ ಹಿಡಿ ಹೆಸರುಬೇಳೆ, ಎರಡು ಹೋಳು ಕುಂಬಳಕಾಯಿ ಕುಕ್ಕರಿನಲ್ಲಿ ಬೇಯಿಸಿದಳು. ಸೌಟಿನ ಬೆನ್ನಿನಿಂದ ತಿಕ್ಕಿ ಜರಡಿಯಲ್ಲಿ ಇಳಿಸಿದಳು. ಬೆಣ್ಣೆಯಂತೆ ನುಣ್ಣಗಾಯಿತು. ತಾಜಬಿ ನಳದ ಕೆಳಗೆ ಕೈ ಹಿಡಿದು, ಸೆರಗಿಗೆ ಒರೆಸಿಕೊಂಡು, ಬೆರಳ ತುದಿಗೆ ತುಸು ತೆಗೆದುಕೊಂಡಳು. ಬೆರಳು ತುಟಿಗೆ ತಾಗಿತೋ ಇಲ್ಲವೋ, ಕೈಸರ ಓಣಿ ಕೇಳುವ ಹಾಗೆ ಕಿರುಚಿದ.

“ನೋಡಿದ್ರ್ಯಾ? ನಾ ಏನ್ ಸುಳ್ಳ ಹೇಳಿದ್ನ್ಯಾ?”

“ಖರೇನ ಹೇಳಿದ್ರಿ. ಆದ್ರ ಊಟ ಇನ್ನಾ ನಾಲಿಗಿಗೆ ಮುಟ್ಟಿಲ್ಲಮ್ಮಾ. ನಿಮ್ಮ ಬೆರಳ ತುಟಿಗೆ ತಾಗೇತಿ ಅಷ್ಟ. ಮುಂಜಾನಿಂದ ಎಷ್ಟ ಚೀಲ ತುಂಬು ಬಿಡಿಸೀರಿ?”

ತಾಜಬಿಗೆ ಮಾತಿನ ದಿಕ್ಕು ತಿಳಿಯಿತು. ಸಿಟ್ಟೂ ಬಂತು. “ಏ, ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೇತಿ, ಖಾರಕ್ಕಲ್ಲ! ದೇಶಕ್ಕೆಲ್ಲ ಗೊತ್ತೈತಿ, ನಿಮಗ ಗೊತ್ತಿಲ್ಲೇನ?”

“ಹೌದಲ್ರಿ? ಹಂಗಾರ ಅದ ಬೆರಳ ಒಮ್ಮಿ ನಿಮ್ಮ ಕಣ್ಣಿಗೆ ಹಚ್ಕೊಂಡ ತೋರಸ್ರಿ.”

“ನನಗೇನ ಹುಚ್ಚ ಹಿಡದೈತೇನ, ಈ ಕೈ ಕಣ್ಣಿಗೆ...”

ಅವಳು ತನ್ನ ಬೆರಳ ಕಡೆ ನೋಡಿದಳು. ಮೂವತ್ತು ವರ್ಷದಲ್ಲಿ ತಾಜಬಿ ಕೆಲಸದ ಕೈಯಿಂದ ಒಂದು ದಿನವೂ ಕಣ್ಣು ಮುಟ್ಟಿಕೊಂಡವಳಲ್ಲ. ಕಸ ಬಿದ್ದರೆ ಸೆರಗಿನ ತುದಿಯಿಂದಲೇ ತೆಗೆಯುತ್ತಿದ್ದಳು. ತನ್ನ ಕಣ್ಣಿಗೆ ಬೇಡವಾದ ಕೈ, ಎಂಟು ತಿಂಗಳ ಕೂಸಿನ ಎಳೆ ತುಟಿಗೆ ಹೇಗೆ ಬೇಕಾಯಿತು?

“ಯಾ ಅಲ್ಲಾ,” ಎಂದು ಅವಳು ಕೈಗಳನ್ನು ಮಡಿಲಿನಿಂದ ದೂರ ಹಿಡಿದು ಕುಳಿತುಬಿಟ್ಟಳು.

ಸುಧಾರಾಣಿ ಕೂಸಿನ ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಬೇನಜೀರ ಸ್ವಲ್ಪ ಎದೆಹಾಲು ಕುಡಿಸಿ ಸಮಾಧಾನ ಮಾಡಿದಳು. ಆಮೇಲೆ ಸೋಪಿನಿಂದ ಕೈ ತೊಳೆದು, ಬೇರೆ ಬಟ್ಟಲಿಗೆ ಅದೇ ಊಟ ಹಾಕಿಕೊಂಡು, ಸಣ್ಣ ಚಮಚದಿಂದ ಕೊಟ್ಟಳು. ಕೈಸರ ಮೊದಲು ನಾಲಿಗೆಯಿಂದ ಹೊರಗೆ ನೂಕಿದ. ಎರಡನೆಯ ಚಮಚವನ್ನು ಚಪ್ಪರಿಸಿದ. ಮೂರನೆಯದಕ್ಕೆ ತಾನೇ ಬಾಯಿ ತೆರೆದ!

ಬೇನಜೀರ ನಗುತ್ತಲೇ ಅತ್ತಳು. ತಾಜಬಿ ಮಾತ್ರ ತಲೆ ಎತ್ತಲಿಲ್ಲ. “ಪ್ರೀತಿ ಅಂತ ತಿಳದ ಖಾರ ಉಣಸಿದ್ನಲ್ಲಾ ಅಕ್ಕೋರ. ಇನ್ನ ಈ ಕೈಲೆ ಅವನ್ನ ಮುಟ್ಟೂದ ಬ್ಯಾಡೇನ?”

“ಯಾಕ ಬ್ಯಾಡ? ಕೈ ಕೆಟ್ಟಿಲ್ಲಮ್ಮಾ, ಕೈಗೆ ಖಾರ ಹತ್ತೇತಿ. ಬರೇ ನೀರಿಗೆ ಅದ ಹೋಗಂಗಿಲ್ಲ. ಕೊಡ್ರಿ ಇಲ್ಲೆ.”

ಸುಧಾರಾಣಿ ಅವಳ ಅಂಗೈಗೆ ಶೇಂಗಾ ಎಣ್ಣೆ ಸುರಿದು, ಬೆರಳ ಸಂದಿ, ಉಗುರಿನ ಬುಡವೆಲ್ಲ ತಿಕ್ಕಿದಳು. ಆಮೇಲೆ ಎರಡು ಸಲ ಸೋಪು. ತನ್ನ ಕೈಯನ್ನು ಇಷ್ಟು ಅಕ್ಕರೆಯಿಂದ ಯಾರು ತೊಳೆದಿದ್ದರು ಎಂದು ತಾಜಬಿಗೆ ನೆನಪಾಗಲಿಲ್ಲ.

“ಕೈ ತೊಳದರೂ ಉಣಸೂದು ಚಮಚದಿಂದನ,” ಎಂದು ಸುಧಾರಾಣಿ ತಾಕೀತು ಮಾಡಿದಳು. ಬೇನಜೀರಳ ಕಡೆ ತಿರುಗಿ, “ಖಾರ ರುಬ್ಬೋ ಮಿಕ್ಸರ್ ಜಾರಿನ್ಯಾಗ ಕೂಸಿನ ಊಟ ಹಾಕಬ್ಯಾಡವ್ವಾ. ಊಟ ಚಮಚದಿಂದ ಸುರದ ಹೋಗಬಾರ್ದು, ಅಷ್ಟ ಗಟ್ಟಿ ಇರ್ಲಿ. ಮ್ಯಾಲ ಅರ್ಧ ಚಮಚ ತುಪ್ಪ ಇಲ್ಲಾ ಎಣ್ಣಿ. ಒಂದ ದಿನ ಬಾಳಿಹಣ್ಣ ಕಿವುಚು, ಒಂದ ದಿನ ಮೆತ್ತಗ ಕುದಿಸಿದ ಗಜ್ಜರಿ ಗಡ್ಡಿ, ಒಂದ ದಿನ ಬೇಯಿಸಿದ ತತ್ತಿ. ವರ್ಷ ತುಂಬೂಮಟ ಉಪ್ಪು, ಸಕ್ಕರಿ, ಜೇನುತುಪ್ಪ ಬ್ಯಾಡ. ಆಗಿಂದಾಗ ಮಾಡಿ ಆಗಿಂದಾಗ ಕೊಡು. ಎದಿಹಾಲು ಮಾತ್ರ ಬಿಡಿಸಬ್ಯಾಡ, ಎರಡ ವರ್ಷದ ತನಕ,” ಎಂದಳು.

“ಇಷ್ಟೆಲ್ಲಾ ಮನ್ಯಾಗ ಇತ್ತಲ್ರಿ!” ಬೇನಜೀರಳಿಗೆ ಅಚ್ಚರಿ.

“ಅದಕ್ಕ ಹೇಳೂದು. ನಿಮಗ ಬೇಯಿಸೋ ಅನ್ನ-ಬ್ಯಾಳಿ ಒಳಗಿಂದ ಉಪ್ಪು, ಖಾರ ಹಾಕೂದಕ್ಕಿಂತ ಮೊದ್ಲ ಒಂದ ಸೌಟ ತಗದಿಡು. ಬ್ಯಾರೆ ಖರ್ಚ ಯಾಕ?”

ಮುಂದಿನ ತಿಂಗಳು ತೂಕಕ್ಕೆ ತಾಜಬಿ ಕೂಲಿ ಬಿಟ್ಟು ತಾನೇ ಬಂದಳು. ಏಳು ಕೆಜಿ ಮುನ್ನೂರು. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. “ಅಲ್ಲಾ ನಿಮ್ಮ ಕೂಸಿನ್ನ ಚೊಲೋ ಇಡಲಿ ಅಕ್ಕೋರ. ಅವತ್ತ ನಾ ಬಾಗಲದಾಗನ ಜಗಳಾ ತಗದಿದ್ನಿ. ನೀವು ಹೊಳ್ಳಿ ಹೋಗಲಿಲ್ಲ, ಅದ ನನ್ನ ಪುಣ್ಯ,” ಎಂದು ಸುಧಾರಾಣಿಯ ಎರಡೂ ಕೈ ಹಿಡಿದುಕೊಂಡಳು.

ಡಬ್ಬಿಯ ಹಣದಲ್ಲಿ ಈಗ ವಾರಕ್ಕೆ ಒಂದು ಡಜನ್ ತತ್ತಿ, ಹಣ್ಣು ಬರುತ್ತವೆ, ಬೇನಜೀರಳ ತಾಟಿಗೂ ಬೀಳುತ್ತವೆ. ಕಾಯಿ ಬಿಡಿಸುವ ಕಡೆ ಗೆಳತಿ ಹೊನ್ನವ್ವ, “ಏನಬೇ, ಎಣ್ಣಿ ಹಚ್ಚಿ ಕೈ ತೊಳಿತಿ! ಮದಲಗಿತ್ತಿ ಆಗಾಕಿ ಏನ?” ಎಂದು ಕಾಡಿದಳು. ತಾಜಬಿ ಎಣ್ಣೆಯ ಬಾಟಲಿಯನ್ನೇ ಅವಳ ಮುಂದೆ ಹಿಡಿದಳು. “ನಿನ್ನ ಮೊಮ್ಮಗಳಿಗೆ ಮುಂದಿನ ವಾರ ಆರ ತಿಂಗಳ ತುಂಬತಾವ. ನಗೂದ ಸಾಕ, ಕೈ ಚಾಚು.”

ಅವ್ವಂದಿರೇ, ಅಜ್ಜಿಯಂದಿರೇ, ಕೂಸನ್ನು ಎತ್ತಿಕೊಳ್ಳುವ ಅಪ್ಪಂದಿರೇ, ನಿಮ್ಮ ಮನೆಯ ಅಕ್ಕಿ, ಬೇಳೆ, ಕಾಯಿಪಲ್ಲೆಯಲ್ಲೇ ಕೂಸಿನ ಊಟವಿದೆ. ಬೇಯಿಸಿ, ನುಣ್ಣಗೆ ಮಾಡಿ, ಶುದ್ಧ ಕೈಯಿಂದ, ಚಮಚದಲ್ಲಿ ಕೊಡಿ. ಮೆಣಸಿನಕಾಯಿ ಮುಟ್ಟಿದವರು ಎಣ್ಣೆ ತಿಕ್ಕಿ, ಸೋಪು ಹಚ್ಚಿ ತೊಳೆಯುವುದನ್ನು ಮರೆಯಬೇಡಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ. ಕೂಸು ಬೇಡವೆಂದು ಅತ್ತರೆ ಮನೆ ಊಟವನ್ನು ಬಿಡಿಸಬೇಡಿ. ಯಾಕೆ ಅತ್ತಿತು ಎಂದು ಹುಡುಕಿ. ಅದಕ್ಕೆ ಹೇಳಲು ಬಾಯಿಲ್ಲ, ನಮಗೆ ಕೇಳಲು ಕಿವಿಯಿದೆ.