ಮೇಲಿನ ಸಾಲಿನ ವೈನ್

ರುಚಿ ಹಿಡಿಯುವುದರಲ್ಲಿ ಬೇಕರಿಯವನ ನಾಲಿಗೆ ಎಂಥದ್ದೆಂದು ಬೀದಿಗೆಲ್ಲ ಗೊತ್ತಿತ್ತು. ವೈನ್ ಅಂಗಡಿಗೆ ಹೋದರೆ ಮಾತ್ರ ಅವನ ಕಣ್ಣು ಕೆಳಗಿನ ಸಾಲು ಬಿಟ್ಟು ಮೇಲೇರುತ್ತಿರಲಿಲ್ಲ. "ಮೇಲಿನದರಲ್ಲಿ ಅರ್ಧ ದುಡ್ಡು ಲೇಬಲ್ಲಿಗೇ ಹೋಗುತ್ತೆ ಕಣೇ. ಕೊಟ್ಟ ಕಾಸಿಗೆ ರುಚಿ ಸಿಗಬೇಕು," ಎಂದು ಹೆಂಡತಿಗೆ ಪಾಠ ಹೇಳುತ್ತಿದ್ದ. ಅವನು ಆರಿಸಿ ತಂದ ಅಗ್ಗದ ವೈನ್ ಒಮ್ಮೆಯೂ ಮೋಸ ಮಾಡಿರಲಿಲ್ಲ.

ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಕ್ಯಾನ್ಸರ್ ಆಸ್ಪತ್ರೆಯವರು ಅವನನ್ನು ಮನೆಗೆ ಕಳಿಸಿದಾಗ, ಅವಳು ಒಬ್ಬಳೇ ಆ ಅಂಗಡಿಗೆ ಹೋದಳು. "ಇರೋದರಲ್ಲೇ ಒಳ್ಳೇದು ಕೊಡಿ," ಎಂದಳು. ಬೆಲೆ ಕೇಳಲಿಲ್ಲ.

ಅವನು ದಿಂಬಿಗೊರಗಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಇಷ್ಟು ವರ್ಷ ನಾನೇ ದಡ್ಡ ಕಣೇ. ಎಷ್ಟು ಕೊಟ್ಟರೂ ಇದಕ್ಕೆ ಸರಿಯೇ."

ಅವಳ ಎದೆ ತುಂಬಿ ಬಂತು. ತನ್ನ ಗ್ಲಾಸನ್ನೂ ಎತ್ತಿ ಕುಡಿದಳು. ವೈನ್ ಪೂರಾ ಕೆಟ್ಟು ವಿನೆಗರಿನಂತೆ ಹುಳಿಯಾಗಿತ್ತು.

ಔಷಧಿಗಳು ಅವನ ನಾಲಿಗೆಯ ರುಚಿಯನ್ನೇ ತಿಂದುಹಾಕಿವೆ ಎಂದು ಅವಳಿಗೆ ಆಗ ಗೊತ್ತಾಯಿತು. ಅವಳ ಮನಸ್ಸು ನೋಯಬಾರದೆಂದು ಅವನು ಮುಚ್ಚಿಟ್ಟಿದ್ದ. ವಾರವಿಡೀ ಗಂಜಿಗೆ ಉಪ್ಪು ಹದವಾಗಿದೆ ಎಂದದ್ದೂ ಬರೀ ಮಾತು.

"ಹೇಗಿದೆ?" ಎಂದು ಅವನು ಕೇಳಿದ.

"ನೀವು ಹೇಳಿದ ಹಾಗೇ ಇದೆ ರೀ. ಇನ್ನು ನಿಮಗಿಲ್ಲ, ಉಳಿದದ್ದೆಲ್ಲ ನನಗೇ," ಎಂದು ಅವನ ಗ್ಲಾಸು ಕಿತ್ತುಕೊಂಡು, ಮುಖ ಕಿವುಚದೆ ಕುಡಿದಳು.

ಅವನು ನಕ್ಕ. "ಸದ್ಯ, ದುಡ್ಡು ದಂಡವಾಗಲಿಲ್ಲ."

ಗ್ಲಾಸು ತೊಳೆಯುವ ನೆಪದಲ್ಲಿ ಅವಳು ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟು ಅತ್ತಳು.